ಲೂಪಿನೊಳಗೊಂದು ಲೂಪು, ಅಮ್ಮನ ರಿಜಿಸ್ಟರು

ಇಂಜಿನಿಯರಿಂಗಿನಿಂದ ಲೂಪು ಬರೆದೂ ಬರೆದೂ ಕೈ ಪಳಗಿದೆ ಅನ್ನೋ ಜಂಬ ನಂದು. ಕಳೆದ ವಾರ ಅದು ಇಳೀತು.

ಹಳ್ಳಿಗಳ ಬಾಣಂತಿಯರ ಆರೋಗ್ಯ ಸಮೀಕ್ಷೆಯೊಂದರ ಅಂಕಿ-ಅಂಶ ಸರಿಮಾಡೋ ಕೆಲಸ ನನ್ನ ಪಾಲಿಗೆ ಬಂದಿತ್ತು. ತಂತ್ರಾಂಶ ಸ್ಟಾಟಾ, 1985ರಿಂದ ಇರೋ ಹಳೇ ಹುಲಿ. ಒಬ್ಬೊಬ್ಬರಿಗೂ ತೂಕ, ಹಿಮೋಗ್ಲೋಬಿನ್, ರಕ್ತದೊತ್ತಡ ಹೀಗೆ ಆರು ಅಳತೆ. ಪ್ರತಿ ಅಳತೆಗೂ ಜೊತೆಗೊಂದು ಗುರುತು. ಅದು 1 ಅಂತಿದ್ರೆ ಆ ಅಳತೆ ಅನುಮಾನ, ಖಾಲಿ ಮಾಡು ಅಂತ ಅರ್ಥ.

ಗುರುತುಗಳ ಪಟ್ಟಿಗೊಂದು ಫೋರೀಚ್, ಅದರ ಹೊಟ್ಟೆಯೊಳಗೆ ಅಳತೆಗಳ ಪಟ್ಟಿಗೆ ಇನ್ನೊಂದು ಫೋರೀಚ್ ಬರೆದೆ. ಮೊದಲ ಸಲ ಏನೂ ಆಗಲಿಲ್ಲ, ಎರರ್ರೂ ಇಲ್ಲ. ನೋಡಿದ್ರೆ ಪಟ್ಟಿಯ ಸಾಲನ್ನ ಬೇರೆ, ಲೂಪನ್ನ ಬೇರೆ ಸೆಲೆಕ್ಟ್ ಮಾಡಿ ಓಡಿಸಿದ್ದೆ. ಲೋಕಲ್ ಮ್ಯಾಕ್ರೋ ಆ ತುಂಡು ಮುಗಿದ ಕೂಡಲೇ ಸತ್ತುಹೋಗತ್ತೆ. ಇಲ್ಲದ ಮ್ಯಾಕ್ರೋ ಕೇಳಿದ್ರೆ ಸ್ಟಾಟಾ ಬೈಯಲ್ಲ, ಖಾಲಿ ಅಂದ್ಕೊಂಡು ಸುಮ್ಮನೆ ಮುಂದೆ ಹೋಗತ್ತೆ.

ಸರಿ, ಫೈಲನ್ನ ಪೂರ್ತಿ ಓಡಿಸಿದೆ. ಓಡ್ತು! ಖುಷಿಯಲ್ಲಿ ಟೇಬಲ್ ಮಾಡಿ ಕಳಿಸಿಯೂ ಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಕೊರೆಯೋಕೆ ಶುರು... ಆರು ಗುರುತೂ ಬೇರೆ ಬೇರೆ, ಆದ್ರೆ ತೂಕಕ್ಕೂ ರಕ್ತದೊತ್ತಡಕ್ಕೂ ಲೆಕ್ಕಕ್ಕೆ ಸಿಕ್ಕ ಹೆಂಗಸರ ಸಂಖ್ಯೆ ಒಂದೇ ಹೇಗಾಯ್ತು?

ಲೂಪಿನೊಳಗಿನ ಲೂಪು ಜೋಡಿ ಮಾಡಲ್ಲ ಸ್ವಾಮಿ, ಎಲ್ಲರಿಗೂ ಎಲ್ಲರನ್ನೂ ಗಂಟು ಹಾಕತ್ತೆ. ನಂಗೆ ಬೇಕಿದ್ದದ್ದು 6 ಜೋಡಿ, ಆಗಿದ್ದು 36. ಒಬ್ಬಳ ತೂಕದ ಮುಂದೆ ಅನುಮಾನ ಇದ್ರೆ ಅವಳ ಆರೂ ಅಳತೆ ಮಾಯ. ಎಷ್ಟು ಬದಲಾಯ್ತು ಅಂತ ಸ್ಟಾಟಾ ಪ್ರತಿ ಸಲ ಹೇಳತ್ತೆ. ಪರದೆ ತುಂಬತ್ತೆ ಅಂತ ನಾನೇ ಕ್ವೈಟ್ಲಿ ಹಾಕಿ ಅದರ ಬಾಯಿ ಮುಚ್ಚಿಸಿದ್ದೆ!

ಮದ್ದು ಸುಲಭ. ಫೋರ್‌ವ್ಯಾಲ್ಯೂಸ್ 1ರಿಂದ 6, ಒಂದೇ ಲೂಪು. ಒಳಗೆ ಎರಡೂ ಪಟ್ಟಿಯಿಂದ ಅದೇ ನಂಬರಿನ ಹೆಸರನ್ನ ಎತ್ತಿಕೊಳ್ಳೋದು. ಐದು ನಿಮಿಷದ ಕೆಲಸ.

ನಿದ್ದೆ ಮಾತ್ರ ಬರಲಿಲ್ಲ. ಅಮ್ಮ ಅಂಗನವಾಡಿ ಟೀಚರ್ ಆಗಿದ್ದಳು. ಸಂಜೆ ರಿಜಿಸ್ಟರ್ ಹರಡಿಕೊಂಡು ಕೂತಾಗ ಒಂದು ಮಗುವಿನ ತೂಕ ಬಿಟ್ಟುಹೋಗಿದ್ದು ಕಂಡ್ರೆ, ಬೆಳಿಗ್ಗೆ ಮತ್ತೆ ಆ ಮನೆಗೆ ನಡೀತಿದ್ದಳು. ಅಂಥವಳೇ ಯಾರೋ ಬಿಸಿಲಲ್ಲಿ ಮನೆಮನೆ ತಿರುಗಿ ಬರೆದುಕೊಂಡಿದ್ದನ್ನ ನಾನು ಮೂರು ಸಾಲಲ್ಲಿ ಅಳಿಸಿದ್ದೆ.

ಬೆಳಿಗ್ಗೆ ಬಾಸ್‌ಗೆ "ನಿನ್ನೆಯ ಟೇಬಲ್ ತಪ್ಪು, ತಪ್ಪು ನಂದೇ" ಅಂತ ಮೇಲ್ ಬರೆದೆ. ಸೆಂಡ್ ಒತ್ತೋಕೆ ಹತ್ತು ನಿಮಿಷ ಬೇಕಾಯ್ತು. ಉತ್ತರ ಒಂದೇ ಸಾಲು, "ಸರಿಯಾದ್ದು ಯಾವಾಗ?"

ಸಂಜೆ ಅಮ್ಮಂಗೆ ಫೋನಲ್ಲಿ ಹೇಳಿದೆ. ಲೂಪು ಗೀಪು ಅವಳಿಗೆ ಅರ್ಥ ಆಗಲಿಲ್ಲ. "ಕೊನೇಲಿ ಲೆಕ್ಕ ತಾಳೆ ನೋಡಲ್ವೇನೋ ನೀನು?" ಅಂದಳು.

ಈಗ ಕ್ವೈಟ್ಲಿ ತೆಗೆದಿದೀನಿ. ಪರದೆ ತುಂಬ್ಲಿ ಬಿಡಿ. ನಿಮಗೂ ಹೀಗೆ ಸದ್ದಿಲ್ಲದೆ ಕೈಕೊಟ್ಟ ಕೋಡ್ ಇದ್ರೆ ಹೇಳಿ, ಒಂಚೂರು ಸಮಾಧಾನ ಆಗತ್ತೆ :-)