ಐದೂವರೆ ಆಣೆ ನೆಲ

ಬಹಳ ದಿನ ಆಯ್ತು ಈ ಕಡೆ ಬಂದು, ಬೈಕೋಬೇಡಿ. ಮನೆ ಹುಡುಕ್ತಾ ಇದ್ದೆ. ಬಾಡಿಗೆಗಲ್ಲ, ಕೊಳ್ಳೋಕೆ!

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯ್ತಲ್ಲ, ಆವಾಗಿನಿಂದ ದೇಶನೂರಿನಲ್ಲಿರೋ ಅಪ್ಪನಿಗೆ ಭತ್ತದ ಮೇಲಿನ ಧೈರ್ಯ ಸ್ವಲ್ಪ ಅಲ್ಲಾಡಿದೆ. "ಎರಡೆಕ್ರೆ ಕೊಟ್ಟುಬಿಡ್ತೀನಿ, ಬೆಂಗ್ಳೂರಾಗ ಒಂದು ಮನಿ ಮಾಡ್ಕೋ" ಅಂತಾರೆ.

ನಾನು ಬಾಡಿಗೆಗಿರೋದು ಜಯನಗರ, ಆಫೀಸಿರೋದು ವೈಟ್‌ಫೀಲ್ಡ್. ಎರಡೂ ಕಡೆ ಸುತ್ತಿದೆ.

ಜಯನಗರ 1948ರಲ್ಲಿ ಶುರುವಾದ ಬಡಾವಣೆ. ಅಗಲ ರಸ್ತೆ, ಮರಗಳು, 30×40, 40×60 ಸೈಟುಗಳು. ಅವತ್ತು ಸೈಟು ಸಿಕ್ಕವರ ಮಕ್ಕಳು ಮೊಮ್ಮಕ್ಕಳು ಈಗ ಓನರ್ರು, ಮಾರೋರೇ ಕಮ್ಮಿ. ಮಾರಿದರೂ ಬೆಲೆ ಮನೆಗಲ್ಲ, ಮಣ್ಣಿಗೆ. ಒಂದು ಹಳೇ ಮನೆ ನೋಡೋಕೆ ಹೋದ್ರೆ ಬ್ರೋಕರ್ ಒಳಗೇ ಕರ್ಕೊಂಡು ಹೋಗ್ಲಿಲ್ಲ, "ಹೇಗೂ ಒಡೆಯೋದೇ ಅಲ್ವಾ ಸಾರ್" ಅಂದ. ತಮಾಷೆ ಏನಂದ್ರೆ ಅಲ್ಲಿನ ಬಾಡಿಗೆ ನನ್ನ ಸಂಬಳಕ್ಕೆ ಎಟಕುತ್ತೆ. ಕೊಳ್ಳೋ ಮಾತು ಬಂದರೆ ಮಾತ್ರ ಕ್ಯಾಲ್ಕುಲೇಟರ್ ಕೆಳಗಿಡಬೇಕು.

ವೈಟ್‌ಫೀಲ್ಡ್‌ನಲ್ಲಿ ಉಲ್ಟಾ. ಎಲ್ಲಾ ಯಾವಾಗ್ಲೂ ಮಾರಾಟಕ್ಕೇ. 2007ರಲ್ಲಿ ಬಿಬಿಎಂಪಿ ಆದಾಗ ಅದರೊಳಗೆ ಸೇರಿದ ಜಾಗ, 2023ರಲ್ಲಿ ಮೆಟ್ರೋನೂ ಬಂತು. ಈಜುಕೊಳ, ಕ್ಲಬ್ ಹೌಸು, ಲೋನ್ ಕೊಡೋಕೆ ಅಲ್ಲೇ ಕೂತಿರೋ ಬ್ಯಾಂಕಿನವರು. ಎರಡೆಕರೆ ದುಡ್ಡಿನ ಮೇಲೆ ಇಪ್ಪತ್ತು ವರ್ಷ ಸಾಲ ಕಟ್ಟಿದರೆ ಫ್ಲ್ಯಾಟು ನಂದೇ.

ಅಪ್ಪ ಫೋನಲ್ಲಿ ಕೇಳಿದ್ದು ಒಂದೇ, "ನೆಲ ಎಷ್ಟು ಬರ್ತೈತಿ?"

1200 ಚದರಡಿ ಫ್ಲ್ಯಾಟಿಗೆ ನೆಲದಲ್ಲಿ ನಮ್ಮ ಅವಿಭಜಿತ ಪಾಲು, ಅದೇ ಯುಡಿಎಸ್ ಅಂತಾರಲ್ಲ, 380 ಚದರಡಿ. ಗುಂಟೆಗೆ 1089 ಚದರಡಿ, ಗುಂಟೆಗೆ ಹದಿನಾರಾಣೆ. ಲೆಕ್ಕ ಹಾಕಿ "ಐದೂವರೆ ಆಣೆ" ಅಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದರ ಬದು ಎಲ್ಲೈತಿ?"

ಬದು ಇಲ್ಲಪ್ಪ, ಪಾಲು ಕಾಗದದಲ್ಲಿ ಮಾತ್ರ ಅಂದೆ.

"ನೀರು?"

ಬೋರು, ಸಾಲದಿದ್ದರೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಅಲ್ಲಿರೋ ನನ್ನ ಟೀಮಿನವರು ಟ್ಯಾಂಕರ್ ಕಾದಿದ್ದು ನೋಡಿದೀನಿ. ಜಯನಗರದ ನಮ್ಮ ನಲ್ಲಿಗೆ ಕಾವೇರಿ ಬರ್ತಿತ್ತು. ನಮ್ಮ ದೇಶನೂರು ಕಾಲುವೆಯಂತೂ ವಿಜಯನಗರದ ಅರಸರ ಕಾಲದ್ದು, ಈ ಮಾತು ಅಪ್ಪನಿಗೆ ನಾನು ಹೇಳಬೇಕಾ?

ಸದ್ಯಕ್ಕೆ ಜಯನಗರದಲ್ಲಿ ಬಾಡಿಗೆಗೇ ಇರ್ತೀನಿ, ಎರಡೆಕರೆ ಹಾಗೇ ಇರಲಿ ಅಂದಿದೀನಿ. ಅಮ್ಮನಿಗೆ ಸಮಾಧಾನ ಇಲ್ಲ, ಸ್ವಂತ ಮನಿ ಇಲ್ದೋನಿಗೆ ಹೆಣ್ಣು ಯಾರು ಕೊಡ್ತಾರ ಅಂತ. ಅಪ್ಪ ಕೊಯ್ಲು ಮುಗಿಸಿ ತಾವೇ ಬಂದು ನೋಡ್ತಾರಂತೆ.

ಅಲ್ಲಾ, ಫ್ಲ್ಯಾಟ್ ತಗೊಂಡಿರೋರು ಹೇಳಿ ನೋಡೋಣ, ನಿಮ್ಮದು ಎಷ್ಟಾಣೆ?