ಹೊಡೆತ ಹುಟ್ಟುವುದು ಪಾದದಲ್ಲಿ

ಸಾಫ್ಟ್‌ಬಾಲ್ ಎಂದರೆ ಮೆತ್ತನೆಯ ಚೆಂಡಿನ ಆಟ ಎಂದು ಹೆಸರು ಕೇಳಿದವರಿಗೆ ಅನಿಸುವುದು ಸಹಜ. ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ ಅದೆಷ್ಟು ಮೆತ್ತಗೆ ಎಂದು! ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಇದು ಸುಮಾರು 180 ಗ್ರಾಂ ಇರುತ್ತದೆ. ಸುತ್ತಳತೆ 12 ಇಂಚು, ಮೋಸಂಬಿಗಿಂತ ದಪ್ಪ. ಬ್ಯಾಟು ಮಾತ್ರ ಒನಕೆಯ ಹಾಗೆ ದುಂಡಗೆ, ಎರಡೂಕಾಲು ಇಂಚಿಗಿಂತ ದಪ್ಪ ಇರುವಂತಿಲ್ಲ. ದುಂಡು ಚೆಂಡಿಗೆ ದುಂಡು ಕೋಲು ತಾಗಿಸುವುದು ಸುಲಭವಲ್ಲ.

ಆಟ ಹುಟ್ಟಿದ ಕತೆಯೂ ಸ್ವಾರಸ್ಯದ್ದೇ. 1887ರ ನವೆಂಬರಿನಲ್ಲಿ ಅಮೆರಿಕದ ಶಿಕಾಗೋದಲ್ಲಿ ಒಂದು ದೋಣಿ ಕ್ಲಬ್ಬಿನೊಳಗೆ ಕೆಲವರು ಸೇರಿದ್ದರು. ಒಬ್ಬ ತಮಾಷೆಗೆ ಬಾಕ್ಸಿಂಗ್ ಕೈಗವಸನ್ನು ಎಸೆದ, ಇನ್ನೊಬ್ಬ ಅದನ್ನು ಕೋಲಿನಿಂದ ಹೊಡೆದ. ನೋಡುತ್ತಿದ್ದ ಜಾರ್ಜ್ ಹ್ಯಾನ್‌ಕಾಕ್ ಎಂಬವರು ಆ ಕೈಗವಸನ್ನೇ ದಾರದಿಂದ ಬಿಗಿದು ಚೆಂಡು ಮಾಡಿ ಆಟ ಶುರುಮಾಡಿದರು. ಹಾಗೆ ಮನೆಯೊಳಗೆ ಹುಟ್ಟಿದ ಆಟ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಪದಕದ ಆಟವಾಯಿತು.

ಆ ಆಟ ಈಗ ನಮ್ಮ ಮನೆಗೂ ಬಂದಿದೆ. ನನ್ನ ಮೊಮ್ಮಗಳು ಕಾರವಾರದಲ್ಲಿ ಎಂಟನೇ ತರಗತಿ. ಕಡಲತೀರದ ಉಸುಕಿನಲ್ಲಿ ಅಣ್ಣಂದಿರ ಜೊತೆ ಕ್ರಿಕೆಟ್ ಆಡಿ ಬೆಳೆದವಳು, ಕಳೆದ ವರ್ಷ ಶಾಲೆಯ ಸಾಫ್ಟ್‌ಬಾಲ್ ತಂಡಕ್ಕೆ ಸೇರಿದಳು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಬಸ್ಸು ಹತ್ತಿ ಅಂಕೋಲೆಗೆ ನನ್ನ ಬಳಿ ಬರುತ್ತಾಳೆ. ಜುಲೈ ತಿಂಗಳ ಒಂದು ಶನಿವಾರ ಬಂದವಳೇ ಬ್ಯಾಟನ್ನು ಬಾಗಿಲ ಸಂದಿಗೆ ನೂಕಿ, "ಅಜ್ಜೀ, ನಾ ಇನ್ನು ಆಡೂಕೆ ಹೋಗೂದಿಲ್ಲ. ನಂಗೆ ಚೆಂಡು ತಾಗೂದೇ ಇಲ್ಲ. ತೋಳಲ್ಲಿ ಶಕ್ತಿ ಸಾಲ ಹೇಳಿ ಎಲ್ರೂ ನಗ್ತಾರೆ" ಅಂದಳು. ಆಯ್ಕೆಗೆ ಮೂರೇ ವಾರ ಉಳಿದಿತ್ತು. ಮನೆಯಲ್ಲಿ ಆಗಲೇ ದಿನಕ್ಕೆರಡು ಮೊಟ್ಟೆ, ರಾತ್ರಿ ಹಾಲು ಶುರುವಾಗಿತ್ತು. ಮೊಟ್ಟೆ ಒಳ್ಳೆಯದೇ. ಆದರೆ ಮೂರು ವಾರದಲ್ಲಿ ತೋಳು ದಪ್ಪವಾಗುವುದುಂಟೇ?

"ಹ್ಯಾಗೆ ಹೊಡೀತೆ, ತೋರಿಸು ನೋಡ್ವಾ" ಅಂದೆ. ಅಂಗಳದಲ್ಲಿ ನಿಂತು ಬೀಸಿದಳು. ಪಾದಗಳೆರಡೂ ನೆಲಕ್ಕೆ ನೆಟ್ಟ ಕಂಬದ ಹಾಗೆ, ತೋಳು ಮಾತ್ರ ಓಡುತ್ತಿತ್ತು. ಬ್ಯಾಟು ಕ್ರಿಕೆಟ್ಟಿನ ಹಾಗೆ ಮೇಲಿಂದ ಕೆಳಗೆ ಬರುತ್ತಿತ್ತು. ಕ್ರಿಕೆಟ್ಟಿನಲ್ಲಿ ಚೆಂಡು ಹೆಚ್ಚಾಗಿ ನೆಲಕ್ಕೆ ಬಡಿದು ಏಳುತ್ತದೆ, ಚಪ್ಪಟೆ ಬ್ಯಾಟನ್ನು ನೆಟ್ಟಗೆ ಇಳಿಸುವುದು ಅಲ್ಲಿ ಸರಿ. ಇಲ್ಲಿ ಚೆಂಡು ನೆಲ ಮುಟ್ಟದೆ, ಮೊಣಕಾಲಿಗೂ ಎದೆಗೂ ನಡುವೆ ಹಾರಿ ಬರುತ್ತದೆ. ಅದನ್ನು ಅಡ್ಡಕ್ಕೆ ಬೀಸಿ ಹೊಡೆಯಬೇಕು.

ಮರುದಿನ ಭಾನುವಾರ ಅವಳನ್ನು ಮಂಜಗುಣಿಗೆ, ನನ್ನ ಅಣ್ಣನ ಮನೆಗೆ ಕರೆದುಕೊಂಡು ಹೋದೆ. ಅಣ್ಣನಿಗೆ ಎಪ್ಪತ್ತು ದಾಟಿದೆ, ಕೈಕಾಲು ಕಡ್ಡಿಯ ಹಾಗೆ. ಆದರೂ ಮಳೆ ಬಿಟ್ಟ ಹೊತ್ತಿನಲ್ಲಿ ಗಂಗಾವಳಿ ನದಿಯ ದಡದಲ್ಲಿ ನಿಂತು ಬೀಸುಬಲೆ ಹಾಕುತ್ತಾನೆ. ಅಂಚಿನ ಸುತ್ತ ಸೀಸದ ಗುಂಡು ಪೋಣಿಸಿದ ಬಲೆ ಅದು, ಒದ್ದೆಯಾದರೆ ಇನ್ನೂ ಭಾರ. ಅಣ್ಣ ಮೈಯನ್ನು ಒಮ್ಮೆ ಹಿಂದಕ್ಕೆ ತಿರುಚಿ, ಮುಂದಿನ ಕಾಲೂರಿ ತಿರುಗಿದ. ಬಲೆ ದೋಸೆಯಷ್ಟು ದುಂಡಗೆ ಬಿಚ್ಚಿಕೊಂಡು ನೀರಿಗೆ ಬಿತ್ತು.

"ದೊಡ್ಡಜ್ಜಾ, ನಿಮ್ಗೆ ಕೈ ನೋಯೂದಿಲ್ವಾ?" ಎಂದು ಕೇಳಿದಳು.

"ಕೈಯಿಂದ ಬೀಸಿದ್ರೆ ನೋಯ್ತದೆ ತಂಗೀ. ಕೈ ಇರೂದು ಹಿಡ್ಕೊಳ್ಳೂಕೆ. ಬೀಸೂದು ಸೊಂಟ."

ಅವಳ ಕೈಗೂ ಒಮ್ಮೆ ಬಲೆ ಕೊಟ್ಟ. ತೋಳಿನ ಬಲದಿಂದ ಎಸೆದಳು, ಬಲೆ ಹಿಂಡಿದ ಬಟ್ಟೆಯ ಹಾಗೆ ಮುದ್ದೆಯಾಗಿ ಬಿತ್ತು. ನಾಲ್ಕನೇ ಸಲ ಸೊಂಟ ತಿರುಗಿಸಿದಾಗ ಅರ್ಧದಷ್ಟಾದರೂ ಬಿಚ್ಚಿಕೊಂಡಿತು. ಮೀನು ಒಂದೂ ಬೀಳಲಿಲ್ಲ. ಆದರೆ ದಾರಿಯಲ್ಲಿ ಅವಳೇ ಹೇಳಿದಳು: "ಟೀಚರ್ ದಿನಾ ಹಿಪ್, ಹಿಪ್ ಹೇಳೂದು ಇದನ್ನೇ ಅಲ್ವಾ ಅಜ್ಜಿ?" ದೈಹಿಕ ಶಿಕ್ಷಕಿ ಹೇಳಿಕೊಟ್ಟದ್ದು ಕಿವಿಯಲ್ಲಿತ್ತು, ಈಗ ಮೈಗೆ ತಿಳಿಯಿತು.

ಆ ದಿನದಿಂದ ಅವಳು ಅಭ್ಯಾಸ ಮಾಡಿದ ಕ್ರಮವನ್ನು ಬರೆಯುತ್ತೇನೆ. ಮಕ್ಕಳೇ, ನೀವೂ ಮಾಡಿ ನೋಡಬಹುದು. ಬಲಗೈಯವರಾದರೆ ಎಡಭುಜ ಚೆಂಡೆಸೆಯುವವಳ ಕಡೆಗಿರಲಿ. ಬ್ಯಾಟನ್ನು ಅಂಗೈಯಲ್ಲಿ ಅದುಮದೆ ಬೆರಳುಗಳಲ್ಲಿ ಹಿಡಿಯಿರಿ. ಬಾಗಿಲು ತಟ್ಟುವ ಗೆಣ್ಣುಗಳು ಎರಡೂ ಕೈಯವು ಒಂದೇ ಸಾಲಿಗೆ ಬರಲಿ. ಪಾದಗಳ ನಡುವೆ ಭುಜದಗಲಕ್ಕಿಂತ ತುಸು ಹೆಚ್ಚು ಅಂತರ, ಮೊಣಕಾಲು ಸ್ವಲ್ಪ ಬಾಗಿರಲಿ. ಮೊದಲು ಮೈಭಾರ ಹಿಂಗಾಲಿಗೆ. ಆಮೇಲೆ ಮುಂಗಾಲನ್ನು ಒಂದು ಗೇಣು ಮುಂದಿಟ್ಟು ಊರಬೇಕು. ಅದು ಊರಿದ ಮೇಲೆ ಹಿಂಗಾಲಿನ ಹಿಮ್ಮಡಿ ಎದ್ದು ತಿರುಗುತ್ತದೆ, ಸೊಂಟ ತಿರುಗುತ್ತದೆ, ಅದರ ಹಿಂದೆ ಭುಜ, ಆಮೇಲೆ ಕೈ, ಎಲ್ಲಕ್ಕಿಂತ ಕೊನೆಗೆ ಬ್ಯಾಟು. ಕೈಗಳು ಮೈಗೆ ಹತ್ತಿರವೇ ಸಾಗಬೇಕು. ದೂರ ಸುತ್ತಿ ಬಂದರೆ ಹೊತ್ತು ಮೀರುತ್ತದೆ. ಚೆಂಡು ತಾಗಿದ ಮೇಲೂ ಕಣ್ಣು ಅಲ್ಲೇ ಇರಲಿ.

ಹೊತ್ತು ಎಷ್ಟು ಸಿಗುತ್ತದೆ? ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ದೊಡ್ಡ ಹುಡುಗಿಯರ ಆಟದಲ್ಲಿ ಚೆಂಡೆಸೆಯುವ ಜಾಗ 43 ಅಡಿ, ಅಂದರೆ ಸುಮಾರು 13 ಮೀಟರ್ ದೂರ. ಗಂಟೆಗೆ 60 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಸಿಗುವುದು ಮುಕ್ಕಾಲು ಸೆಕೆಂಡು! ಅಷ್ಟರಲ್ಲಿ ಯೋಚನೆ ಮಾಡಲು ಆಗುವುದಿಲ್ಲ. ಮಗ್ಗಿಯ ಹಾಗೆ ಮೈಗೆ ಬಾಯಿಪಾಠ ಆಗಿರಬೇಕು.

ಹಾಗಾಗಿ ನಿಧಾನದಿಂದ ಶುರುಮಾಡಿದೆವು. ಚೆಂಡೇ ಇಲ್ಲದೆ "ಪಾದ, ಸೊಂಟ, ಕೈ" ಎಂದು ಎಣಿಸುತ್ತಾ ಇಪ್ಪತ್ತು ಸಲ. ಆಮೇಲೆ ಪೇಂಟಿನ ಡಬ್ಬಿಗೆ ಉಸುಕು ತುಂಬಿ, ಸೊಂಟದೆತ್ತರದ ನೀರಿನ ಪೈಪು ನಿಲ್ಲಿಸಿ, ತುದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿದೆವು. ಅದರ ಮೇಲೆ ಚೆಂಡಿಟ್ಟು ಹೊಡೆಯುವುದು. ಮಳೆ ಬಂದರೆ ಜಗಲಿಯಲ್ಲಿ ಕಾಲುಚೀಲದ ಉಂಡೆ. ನಾನು ಪಕ್ಕದಲ್ಲಿ, ಬ್ಯಾಟು ತಾಗದಷ್ಟು ದೂರ ಕುರ್ಚಿ ಹಾಕಿ ಕೂತು ಮೆಲ್ಲಗೆ ಎಸೆಯುತ್ತಿದ್ದೆ. ಒಂದು ದಿನ ಒಂದೇ ಮಾತು ಹೇಳುವುದು ಎಂದು ನಿಯಮ. ಇವತ್ತು ಪಾದ ಎಂದರೆ ಇವತ್ತೆಲ್ಲ ಪಾದ. ಕೈಯೂ ನೋಡು, ಕಣ್ಣೂ ನೋಡು ಎಂದರೆ ಮಗುವಿಗೆ ಒಂದೂ ಉಳಿಯುವುದಿಲ್ಲ.

ಆಯ್ಕೆಯ ದಿನ ಅವಳಿಗೆ ಆರು ಚೆಂಡು ಸಿಕ್ಕವಂತೆ. ಎರಡು ತಪ್ಪಿದವು, ಎರಡು ಗೆರೆಯ ಆಚೆ ಹೋದವು, ಎರಡು ನೇರವಾಗಿ ಮೈದಾನದ ನಡುವೆ ಹಾರಿದವು. ತಂಡದ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಹೆಚ್ಚುವರಿ ಆಟಗಾರ್ತಿಯರಲ್ಲಿ ಎರಡನೆಯದು. ಸಂಜೆ ಫೋನು ಬಂದಾಗ, ಅಳುತ್ತಾಳೋ ಏನೋ ಎಂದು ನಾನು ಕಾಯುತ್ತಿದ್ದರೆ, ಅವಳು ಕೇಳಿದ್ದು, "ಅಜ್ಜೀ, ಪೈಪು ತೆಗೀಬೇಡ, ಶನಿವಾರ ಬರ್ತೆ."

ಅಜ್ಜ ಅಜ್ಜಿಯರೇ, ಈ ಆಟ ನಮಗೆ ಗೊತ್ತಿರಬೇಕೆಂದೇನೂ ಇಲ್ಲ. ಭತ್ತ ಬಡಿದವರು, ಕಟ್ಟಿಗೆ ಒಡೆದವರು, ಬಲೆ ಬೀಸಿದವರು ನಾವು. ಬಲ ಎಲ್ಲಿಂದ ಬರುತ್ತದೆಂಬುದು ನಮ್ಮ ಮೈಗೆ ಗೊತ್ತು. ಮೊಮ್ಮಕ್ಕಳು ತೋಳು ನೋಡಿಕೊಂಡು ಬೇಸರ ಮಾಡಿದರೆ, ಅಂಗಳಕ್ಕೆ ಕರೆದು ಮೊದಲು ಪಾದ ತೋರಿಸಲು ಹೇಳಿ.