ಒಂದು ಗೇಣು ರಬ್ಬರು

ವಿದ್ಯೆ ವಿನಯವನ್ನು ಕೊಡುತ್ತದೆಂದು ಹಿರಿಯರು ಹೇಳುತ್ತಾರೆ. ನನಗೆ ಅದನ್ನು ಕೊಟ್ಟದ್ದು ಒಂದು ಗೇಣುದ್ದದ ರಬ್ಬರು ಕೊಳವೆಯೆಂದರೆ ತಾವು ನಗಬಹುದು.

ಎರಡು ವರ್ಷದ ಕೆಳಗೆ ಅಪ್ಪ ಹಳೆಯ ಕಾರೊಂದನ್ನು ಕೊಂಡರು. ಅದು ಆಗಲೇ ಇಬ್ಬರು ಯಜಮಾನರನ್ನು ಕಂಡಿತ್ತು. ಕಳೆದ ಮಳೆಗಾಲ ಮುಗಿದ ಮೇಲೆ ಮೆಕ್ಯಾನಿಕ್ ಬಾನೆಟ್ ಎತ್ತಿ, ರೇಡಿಯೇಟರಿನ ಮೇಲಣ ಹೋಸ್ ಪೈಪನ್ನು ಹಿಸುಕಿ ನೋಡಿ, "ಕ್ಲಿಪ್ಪಿನ ಹತ್ತಿರ ಉಬ್ಬಿ ಮೆತ್ತಗಾಗಿದೆ, ಬದಲಾಯಿಸಿಬಿಡಿ ಅಣ್ಣ" ಎಂದ. ಅಪ್ಪ ನನ್ನ ಮುಖ ನೋಡಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಎಲ್ಲ ವಿಷಯಕ್ಕೂ ನನ್ನ ಮಾತೇ ತೀರ್ಪು. ಬಗ್ಗಿ ನೋಡಿದೆ. ಒಂದು ಹನಿಯೂ ಸೋರುತ್ತಿರಲಿಲ್ಲ. "ಸೋರದ್ದನ್ನು ಯಾಕೆ ಬದಲಾಯಿಸಬೇಕು?" ಎಂದೆ. ಇತಿಹಾಸದ ವಿದ್ಯಾರ್ಥಿಯ ಈ ತರ್ಕಕ್ಕೆ ಮೆಕ್ಯಾನಿಕ್ ಉತ್ತರ ಕೊಡಲಿಲ್ಲ, ಬಾನೆಟ್ ಮುಚ್ಚಿದ.

ಎರಡು ತಿಂಗಳು ಕಳೆಯಿತು. ಮಣಿಪಾಲದಲ್ಲಿ ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ತೀರ್ಥಹಳ್ಳಿಯ ಕಡೆಗೆ ಹೊರಟಿದ್ದೆವು. ಸೋಮೇಶ್ವರ ದಾಟಿದರೆ ಆಗುಂಬೆ ಘಾಟಿ; 14 ತಿರುವುಗಳ ಏರು. ಅರ್ಧ ಏರುವಷ್ಟರಲ್ಲಿ ಢಬ್ಬೆಂದು ಸದ್ದಾಯಿತು. ಬಾನೆಟ್ಟಿನ ಸಂದಿನಿಂದ ಬಿಳಿ ಹಬೆ ನುಗ್ಗಿತು. ಸಿಹಿಯಾದೊಂದು ವಾಸನೆ ಕಾರನ್ನೆಲ್ಲ ತುಂಬಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಿಂದೆ ಕುಳಿತಿದ್ದ ಅಮ್ಮ, "ಬೆಂಕಿಯೇನೋ? ಏನಾಯ್ತೋ?" ಎಂದು ತಡವರಿಸತೊಡಗಿದರು.

ಅಪ್ಪ ತಕ್ಷಣ ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟರು. ನಾನು ಚಿಂದಿಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ. ಅಪ್ಪ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದೆಳೆದರು. "ಸೀಟಿ ಇಳಿಯದೆ ಕುಕ್ಕರಿನ ಮುಚ್ಚಳ ತೆಗೀತೀಯೇನೋ? ಮುಖ ಬೆಂದುಹೋಗುತ್ತೆ!" ನಾನು ಕಾಲೇಜು ಸೇರಿದ ಮೇಲೆ ಅವರು ಗದರಿಸಿದ್ದು ಅದೇ ಮೊದಲು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ, ಮುಚ್ಚಳ ತೆಗೆದೊಡನೆ ಹಬೆಯಾಗಿ ಸಿಡಿಯುತ್ತದೆಂಬುದನ್ನು ನಾನು ಹೈಸ್ಕೂಲಿನಲ್ಲಿ ಓದಿ ಅಂಕ ಪಡೆದಿದ್ದೆ. ಹರೆಯದಲ್ಲಿ ಲಾರಿ ಕ್ಲೀನರಾಗಿದ್ದ ಅಪ್ಪ ಅದನ್ನು ಕಣ್ಣಾರೆ ಕಂಡಿದ್ದರು.

ಮುಕ್ಕಾಲು ಗಂಟೆ ಕಾದೆವು. ಬಿಸಿಯಲ್ಲೇ ಓಡಿಸಿದ್ದರೆ ಎಂಜಿನ್ನಿನ ಹೆಡ್ಡು ಬಾಗಿ, ಗ್ಯಾಸ್ಕೆಟ್ಟು ಸುಟ್ಟು, ಪೈಪಿನ ಬೆಲೆಯ ಹತ್ತಾರು ಪಟ್ಟು ತೆರಬೇಕಾಗುತ್ತಿತ್ತು. ಎಲ್ಲ ತಣಿದ ಮೇಲೆ ಅಪ್ಪ ಪೈಪಿನ ಹರಿದ ತುದಿಯನ್ನು ಒಂದಂಗುಲ ಕೊಯ್ದು, ಉಳಿದದ್ದನ್ನು ಎಳೆದು ಸಿಕ್ಕಿಸಿ ಕ್ಲಿಪ್ಪು ಬಿಗಿದರು. ಲಾರಿಯವನೊಬ್ಬ ಒಂದು ಕ್ಯಾನು ನೀರು ಕೊಟ್ಟ. ನಿಂತು ನಿಂತು ಆಗುಂಬೆ ಮುಟ್ಟಿದಾಗ ಕತ್ತಲಾಗಿತ್ತು.

ಮರುದಿನ ಮೆಕ್ಯಾನಿಕ್ ಹಳೆಯ ಪೈಪನ್ನು ಸೀಳಿ ತೋರಿಸಿದ. ಹೊರಗೆ ಕರ್ರಗೆ ನಯವಾಗಿದ್ದದ್ದು ಒಳಗೆಲ್ಲ ಬಿರುಕು ಬಿಟ್ಟಿತ್ತು. "ಅವತ್ತೇ ಹೇಳಿದ್ದೆನಲ್ಲ?" ಎಂದ. ಅಪ್ಪ, "ನಾನೇ ಮುಂದೆ ಹಾಕಿದೆ ಮಾರಾಯ" ಎಂದುಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಅಂದು ಹೇಳದ ಮಾತನ್ನು ಇಲ್ಲಿ ಬರೆದಿದ್ದೇನೆ. ಸಂಚಿಕೆ ಕೈಗೆ ಬಂದ ದಿನ ಅಪ್ಪನೆದುರು ಕುಳಿತು ಇದನ್ನು ಓದಿ ಹೇಳಬೇಕು.